ಸರ್ಕಾರದ ಕೆಲಸ ಯಾರ ಕೆಲಸ?

ಬೆಂಗಳೂರಿನ ವಿಧಾನಸೌಧದ ಹಣೆಯ ಮೇಲೆ ಕೆತ್ತಿರುವ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಮಾತನ್ನು ಕೇಳದ ಕನ್ನಡಿಗರು ವಿರಳ. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರ ಕನಸಿನ ಕೂಸಾದ ಆ ಭವ್ಯ ಸೌಧ 1956ರಲ್ಲಿ ಪೂರ್ಣಗೊಂಡಿತು. ಅಂದಿನಿಂದ ಆ ನಾಲ್ಕು ಪದಗಳು ನಾಡಿನ ನುಡಿಗಟ್ಟೇ ಆಗಿಬಿಟ್ಟಿವೆ. ಅವುಗಳನ್ನು ಗೌರವದಿಂದ ಉಚ್ಚರಿಸುವವರಿಗಿಂತ ನಗೆಯಾಡುತ್ತ ಉಚ್ಚರಿಸುವವರೇ ಹೆಚ್ಚು. ಕಚೇರಿಯಿಂದ ಕಚೇರಿಗೆ ಅಲೆದು ಬೇಸತ್ತವನು, ‘ದೇವರ ಕೆಲಸವಲ್ಲವೇ, ದೇವರೇ ಬಂದು ಮಾಡಬೇಕು’ ಎಂದು ನಿಟ್ಟುಸಿರುಬಿಡುವುದುಂಟು.

ಈ ವ್ಯಂಗ್ಯಕ್ಕಿಂತಲೂ ಅಪಾಯಕಾರಿಯಾದ ಅರ್ಥವೊಂದು ಆ ಮಾತಿಗೆ ಅಂಟಿಕೊಂಡಿದೆ. ಸರ್ಕಾರವೇ ದೇವರು, ಅಧಿಕಾರಿಯೇ ಪೂಜಾರಿ, ಪ್ರಜೆಯಾದವನು ಕೈಜೋಡಿಸಿ ನಿಂತ ಭಕ್ತ; ಸಿಕ್ಕಿದ್ದು ಪ್ರಸಾದ, ಸಿಗದಿದ್ದರೆ ಹಣೆಬರಹ ಎಂಬುದೇ ಆ ಅರ್ಥ. ಬಾಯಿಬಿಟ್ಟು ಹೀಗೆಂದು ಯಾರೂ ಹೇಳುವುದಿಲ್ಲ. ಆದರೆ ನಮ್ಮ ನಡೆಯಲ್ಲಿ, ನಾವು ಅರ್ಜಿ ಬರೆಯುವ ಧಾಟಿಯಲ್ಲಿ, ಜನಪ್ರತಿನಿಧಿಯ ಮನೆಯ ಅಂಗಳದಲ್ಲಿ ನಾವು ನಿಲ್ಲುವ ಭಂಗಿಯಲ್ಲಿ ಈ ಭಾವನೆ ಎದ್ದು ಕಾಣುತ್ತದೆ.

ವಾಸ್ತವವಾಗಿ ಆ ಮಾತಿನ ತಿರುಳು ಇದಕ್ಕೆ ತೀರ ವಿರುದ್ಧವಾದುದು. ದೇವರದಾದುದು ಯಾವ ಮನುಷ್ಯನ ಸ್ವಂತ ಆಸ್ತಿಯೂ ಆಗಲಾರದು. ಸಂತ ಪೌಲರು ರೋಮನರಿಗೆ ಬರೆದ ಪತ್ರದ ಹದಿಮೂರನೆಯ ಅಧ್ಯಾಯದಲ್ಲಿ ಅಧಿಕಾರಿಯನ್ನು ದೇವರ ಸೇವಕನೆಂದು ಕರೆಯುತ್ತಾರೆ. ಅಲ್ಲಿ ಅವರು ಬಳಸಿರುವ ಗ್ರೀಕ್ ಪದ ‘ದಿಯಾಕೊನೋಸ್’. ಊಟದ ಪಂಕ್ತಿಯಲ್ಲಿ ಬಡಿಸುವವನಿಗೂ ಅದೇ ಪದ. ಬಡಿಸುವವನು ಅಡುಗೆಯ ಒಡೆಯನಲ್ಲ, ಉಣ್ಣುವವನು ಅವನ ಋಣಿಯೂ ಅಲ್ಲ. ಸರ್ಕಾರವೆಂಬುದು ಏಕಿದೆ, ಅದರ ಎದುರಿನಲ್ಲಿ ಪ್ರಜೆ ಯಾರು ಎಂಬೆರಡು ಪ್ರಶ್ನೆಗಳನ್ನು ಈ ನೆಲೆಯಿಂದ ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸರ್ಕಾರ ಏಕೆ ಬೇಕು?

ನಮ್ಮ ದೇಶದ ಪ್ರಾಚೀನ ರಾಜನೀತಿಶಾಸ್ತ್ರವು ಈ ಪ್ರಶ್ನೆಗೆ ‘ಮತ್ಸ್ಯನ್ಯಾಯ’ ಎಂಬ ಒಂದೇ ಪದದಲ್ಲಿ ಉತ್ತರ ನೀಡುತ್ತದೆ. ದಂಡಧಾರಿಯಾದ ಅರಸನಿಲ್ಲದಿದ್ದರೆ ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತದೆ ಎಂಬುದು ಅದರ ತಾತ್ಪರ್ಯ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಮಹಾಭಾರತದ ಶಾಂತಿಪರ್ವದಲ್ಲಿಯೂ ಈ ವಿಚಾರ ಬರುತ್ತದೆ. ಶತಮಾನಗಳ ಬಳಿಕ, 1651ರಲ್ಲಿ, ಇಂಗ್ಲೆಂಡಿನ ಥಾಮಸ್ ಹಾಬ್ಸ್ ಕೂಡ ಹೆಚ್ಚು ಕಡಿಮೆ ಇದನ್ನೇ ಪ್ರತಿಪಾದಿಸಿದನು. ಭಯವೇ ಸರ್ಕಾರದ ತಾಯಿ ಎಂಬುದು ಈ ವಿಚಾರಧಾರೆಯ ಸಾರ.

ಇದರಲ್ಲಿ ಸತ್ಯವಿದೆ, ಆದರೆ ಅದು ಅರ್ಧಸತ್ಯ. ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಒಂದು ವಿಚಿತ್ರ ಪ್ರಶ್ನೆಯನ್ನು ಎತ್ತುತ್ತಾರೆ: ಮನುಷ್ಯನು ಪಾಪದಲ್ಲಿ ಬೀಳದೆ ಇದ್ದಿದ್ದರೂ ಆಳ್ವಿಕೆ ಎಂಬುದು ಇರುತ್ತಿತ್ತೇ? ಇರುತ್ತಿತ್ತು ಎಂಬುದೇ ಅವರ ಉತ್ತರ. ಮನುಷ್ಯ ಸಂಘಜೀವಿ, ಹಲವರು ಕೂಡಿ ಬಾಳುವಲ್ಲಿ ಎಲ್ಲರ ಹಿತವನ್ನು ನೋಡುವ ಒಂದು ಕಣ್ಣು ಬೇಕೇಬೇಕು. ರಸ್ತೆಯ ಎಡಭಾಗದಲ್ಲಿ ಚಲಿಸಬೇಕೆಂಬ ನಿಯಮವನ್ನೇ ತೆಗೆದುಕೊಳ್ಳೋಣ. ವಾಹನ ಚಾಲಕರೆಲ್ಲರೂ ಸಾಧುಸಂತರೇ ಆಗಿದ್ದರೂ ಎಡಕ್ಕೆ ಹೋಗಬೇಕೇ ಬಲಕ್ಕೆ ಹೋಗಬೇಕೇ ಎಂಬುದನ್ನು ಯಾರಾದರೊಬ್ಬರು ತೀರ್ಮಾನಿಸಲೇಬೇಕಲ್ಲವೇ? ಆದ್ದರಿಂದ ಸರ್ಕಾರವು ಕೇವಲ ಕಳ್ಳರನ್ನು ಹಿಡಿಯಲು ಹುಟ್ಟಿಕೊಂಡ ಅನಿವಾರ್ಯ ಕೆಡುಕಲ್ಲ. ಒಬ್ಬೊಬ್ಬರೇ ಸಾಧಿಸಲಾಗದ ಒಳಿತನ್ನು ಒಟ್ಟಾಗಿ ಸಾಧಿಸಲು ಮನುಷ್ಯರು ಮಾಡಿಕೊಂಡ ಏರ್ಪಾಡು ಅದು.

ಆದರೆ ಆ ಏರ್ಪಾಡಿನಿಂದ ನ್ಯಾಯವನ್ನು ತೆಗೆದುಬಿಟ್ಟರೆ ಉಳಿಯುವುದೇನು? ಸಂತ ಅಗಸ್ಟೀನರು ‘ದೇವರ ನಗರ’ ಎಂಬ ತಮ್ಮ ಗ್ರಂಥದಲ್ಲಿ ನೀಡುವ ಉತ್ತರ ನಿಷ್ಠುರವಾದುದು: ನ್ಯಾಯವಿಲ್ಲದ ರಾಜ್ಯಕ್ಕೂ ದರೋಡೆಕೋರರ ದೊಡ್ಡ ಗುಂಪಿಗೂ ವ್ಯತ್ಯಾಸವೇ ಇಲ್ಲ. ಸೈನ್ಯ, ಖಜಾನೆ, ಮೊಹರು, ಧ್ವಜ ಇವೆಲ್ಲವೂ ಇದ್ದ ಮಾತ್ರಕ್ಕೆ ಸರ್ಕಾರ ಸರ್ಕಾರವಾಗುವುದಿಲ್ಲ ಎಂಬುದು ಇದರ ಅರ್ಥ.

ನೀರುಗಂಟಿಯ ನ್ಯಾಯ

ಹಾಗಾದರೆ ಎಲ್ಲರ ಹಿತ, ಅಂದರೆ ಸಮಷ್ಟಿ ಹಿತ ಎಂದರೇನು? ಇದನ್ನು ವಿವರಿಸಲು ಹಳೆಯ ಮೈಸೂರು ಸೀಮೆಯ ಕೆರೆಗಳಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಅಲ್ಲಿನ ಊರುಗಳಲ್ಲಿ ಕೆರೆಯ ನೀರನ್ನು ಹಂಚಲು ‘ನೀರುಗಂಟಿ’ ಎಂಬ ಒಬ್ಬ ಆಳು ಇರುತ್ತಿದ್ದನು. ಅವನು ಕೆರೆಯ ಒಡೆಯನಲ್ಲ. ಮಳೆಯನ್ನು ತರಿಸಿದವನೂ ಅಲ್ಲ. ತೂಬನ್ನು ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿಡಬೇಕು, ಯಾರ ಸರದಿಯ ನಂತರ ಯಾರ ಸರದಿ ಎಂಬುದನ್ನು ನೋಡಿಕೊಳ್ಳುವುದಷ್ಟೇ ಅವನ ಕೆಲಸ. ಸುಗ್ಗಿಯಲ್ಲಿ ರೈತರು ಅಳೆದುಕೊಡುವ ಧಾನ್ಯವೇ ಅವನ ಸಂಬಳ. ತೂಬಿನ ಪಕ್ಕದ ಗದ್ದೆಗೆ ನೀರು ಹಾಯಿಸುವುದರಲ್ಲಿ ಅವನ ಜಾಣ್ಮೆಯೇನೂ ಇಲ್ಲ. ಅಲ್ಲಿಗೆ ನೀರು ತಾನಾಗಿಯೇ ಹರಿಯುತ್ತದೆ. ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಮುಟ್ಟಿತೇ ಎಂಬುದರಿಂದಲೇ ಅವನ ಪ್ರಾಮಾಣಿಕತೆಯನ್ನು ಊರು ಅಳೆಯುತ್ತಿತ್ತು.

ಸರ್ಕಾರದ ಧರ್ಮವೂ ಇದೇ. ಸಮಷ್ಟಿ ಹಿತವೆಂದರೆ ಬಹುಸಂಖ್ಯಾತರ ಹಿತವಲ್ಲ. ಹತ್ತು ಗದ್ದೆಗಳಲ್ಲಿ ಒಂಬತ್ತಕ್ಕೆ ನೀರುಣಿಸಿ ಹತ್ತನೆಯದನ್ನು ಒಣಗಿಸುವುದು ನ್ಯಾಯವಲ್ಲ. ಅದು ಒಟ್ಟು ಇಳುವರಿಯ ಲೆಕ್ಕವೂ ಅಲ್ಲ; ತೂಬಿನ ಹತ್ತಿರದವನೊಬ್ಬನೇ ಮೂರು ಬೆಳೆ ತೆಗೆದರೂ ಊರಿನ ಒಟ್ಟು ಇಳುವರಿ ಹೆಚ್ಚಿದಂತೆ ಕಾಣಬಹುದು. ಪ್ರತಿಯೊಬ್ಬನೂ ಪ್ರತಿಯೊಂದು ಕುಟುಂಬವೂ ಮನುಷ್ಯಯೋಗ್ಯವಾಗಿ ಅರಳಲು ಅಗತ್ಯವಾದ ಪರಿಸ್ಥಿತಿಯೇ ಸಮಷ್ಟಿ ಹಿತವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರತಂದ ಆಧುನಿಕ ಜಗತ್ತನ್ನು ಕುರಿತ ತನ್ನ ಸಂವಿಧಾನದಲ್ಲಿ ಬೋಧಿಸಿದೆ. ಇಲ್ಲಿ ‘ಪ್ರತಿಯೊಬ್ಬನೂ’ ಎಂಬ ಪದಕ್ಕೆ ವಿನಾಯಿತಿಯೇ ಇಲ್ಲ.

ಹಾಗೆಂದು ಹಳೆಯ ವ್ಯವಸ್ಥೆಯನ್ನು ಹಾಡಿಹೊಗಳಬೇಕಾಗಿಲ್ಲ. ಅದು ಜಾತಿಯ ಕಟ್ಟುಪಾಡುಗಳಿಂದ ಮುಕ್ತವಾಗಿರಲಿಲ್ಲ. ಅಚ್ಚುಕಟ್ಟಿನಲ್ಲಿ ತುಂಡು ನೆಲವೂ ಇಲ್ಲದವನಿಗೆ ತೂಬು ತೆರೆದರೇನು, ಮುಚ್ಚಿದರೇನು? ಆದ್ದರಿಂದ ನ್ಯಾಯಪರವಾದ ಸರ್ಕಾರವು ಇರುವ ಗದ್ದೆಗಳಿಗೆ ನೀರು ಹಂಚಿ ಸುಮ್ಮನಾಗುವಂತಿಲ್ಲ. ಗದ್ದೆಯೇ ಇಲ್ಲದವರು ಯಾರು ಎಂದೂ ಕೇಳಬೇಕು. ದೇವರಾಜ ಅರಸರ ಆಡಳಿತದಲ್ಲಿ 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯಿದೆ ಕೇಳಿದ್ದು ಇದೇ ಪ್ರಶ್ನೆಯನ್ನು. ತಲೆಮಾರುಗಳಿಂದ ಗೇಣಿಗೆ ಉಳುತ್ತಿದ್ದವರು ಅದರಿಂದ ಹೊಲದೊಡೆಯರಾದರು. ಕರಾವಳಿಯ ಅನೇಕ ಕ್ರೈಸ್ತ ಕುಟುಂಬಗಳು ಇಂದು ತಮ್ಮದೆನ್ನುವ ಅಡಿಕೆ ತೋಟ, ಗದ್ದೆಗಳಿಗೂ ಆ ಕಾಯಿದೆಯೇ ಆಧಾರ.

ಈ ಹಿನ್ನೆಲೆಯಲ್ಲಿ ‘ಬಿಟ್ಟಿ’ ಎಂಬ ಮಾತನ್ನು ತುಸು ವಿಚಾರಿಸಬೇಕು. ಬಡವನ ಮನೆಗೆ ಹೋಗುವ ಪಡಿತರದ ಅಕ್ಕಿಯನ್ನು ಉಳ್ಳವರು ‘ಬಿಟ್ಟಿ ಅಕ್ಕಿ’ ಎಂದು ಹಗುರವಾಗಿ ಕರೆಯುವುದುಂಟು. ಬಿಟ್ಟಿ ಎಂಬುದರ ಹಳೆಯ ಅರ್ಥ ಕೂಲಿ ಕೊಡದೆ ಬಲವಂತದಿಂದ ಮಾಡಿಸಿಕೊಂಡ ದುಡಿಮೆ. ಯಾರ ಅಜ್ಜಂದಿರು ಊರಿನ ಬಿಟ್ಟಿ ಚಾಕರಿ ಮಾಡಿ ಸವೆದುಹೋದರೋ ಅವರ ಮೊಮ್ಮಕ್ಕಳು ತಿನ್ನುವ ಅನ್ನಕ್ಕೆ ಬಿಟ್ಟಿ ಎನ್ನುವುದು ಎಷ್ಟು ಸರಿ? 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಆ ಧಾನ್ಯವನ್ನು ಕಾನೂನುಬದ್ಧ ಹಕ್ಕನ್ನಾಗಿಸಿದೆ. ಅಷ್ಟೇ ಅಲ್ಲ, ತೆರಿಗೆ ಕಟ್ಟುವವರು ನಾವು ಮಾತ್ರ ಎಂಬುದೂ ಭ್ರಮೆ. ಕೂಲಿಯವಳು ಅಂಗಡಿಯಲ್ಲಿ ಕೊಳ್ಳುವ ಸೋಪಿನಲ್ಲಿಯೂ ತೆರಿಗೆಯಿದೆ. ‘ಸರ್ಕಾರದ ದುಡ್ಡು’ ಎಂದು ನಾವು ಕರೆಯುವ ಹಣದಲ್ಲಿ ಅವಳ ಬೆವರೂ ಸೇರಿದೆ. ನೆರವು ನೀಡುವ ಯೋಜನೆಗಳನ್ನು ವಿಮರ್ಶಿಸಬಾರದೆಂದಲ್ಲ. ಅವು ಮನುಷ್ಯನನ್ನು ಸ್ವಂತ ಕಾಲಿನ ಮೇಲೆ ನಿಲ್ಲಿಸುತ್ತವೆಯೇ ಎಂದು ಕೇಳಲೇಬೇಕು. ಆದರೆ ಆ ಪ್ರಶ್ನೆಯನ್ನು ಕೊನೆಯ ಗದ್ದೆಯ ಬದುವಿನ ಮೇಲೆ ನಿಂತು ಕೇಳಬೇಕೇ ವಿನಾ ತೂಬಿನ ಪಕ್ಕದಲ್ಲಿ ಕುಳಿತಲ್ಲ.

ಪ್ರಜೆ ಎಂಬ ಪದದ ಪಯಣ

ನಮ್ಮ ಭಾಷೆಯಲ್ಲಿ ‘ಪ್ರಜೆ’ ಎಂಬ ಪದಕ್ಕೆ ದೀರ್ಘವಾದ ಇತಿಹಾಸವಿದೆ. ಸಂಸ್ಕೃತ ಮೂಲದ ಈ ಪದಕ್ಕೆ ಸಂತಾನ ಎಂಬುದು ಮೊದಲ ಅರ್ಥ. ಅರಸನು ತಂದೆ, ಜನರು ಅವನ ಮಕ್ಕಳು ಎಂಬ ಭಾವನೆ ಅದರಲ್ಲಿದೆ. ತಂದೆ ಒಳ್ಳೆಯವನಾದರೆ ಮಕ್ಕಳು ಸುಖಿಗಳು, ಕೆಟ್ಟವನಾದರೆ ಗತಿಯಿಲ್ಲ. ಮಕ್ಕಳು ಬೇಡಬಹುದು, ಅಳಬಹುದು, ಲೆಕ್ಕ ಕೇಳುವಂತಿಲ್ಲ.

ಈ ನೆಲೆಯಿಂದ ನಾವು ಎಷ್ಟು ದೂರ ಸಾಗಿಬಂದಿದ್ದೇವೆ ಎಂಬುದನ್ನು ಅರಿಯಲು ಮೈಸೂರಿನ ಚರಿತ್ರೆಯನ್ನು ನೋಡಬಹುದು. ದಿವಾನ್ ರಂಗಾಚಾರ್ಲು ಅವರ ಪ್ರಯತ್ನದಿಂದ 1881ರ ಅಕ್ಟೋಬರ್ 7ರಂದು ಮೈಸೂರು ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. 144 ಸದಸ್ಯರಿದ್ದ ಆ ಸಭೆ ಆ ಕಾಲಕ್ಕೆ ಸಣ್ಣ ಸಂಗತಿಯೇನಲ್ಲ. ಆದರೆ ಅದರ ಅಧಿಕಾರವೇನು? ದಿವಾನರು ವರ್ಷದ ಆಡಳಿತದ ವರದಿಯನ್ನು ಓದುತ್ತಿದ್ದರು. ಸದಸ್ಯರು ಆಲಿಸಿ ತಮ್ಮ ಸೀಮೆಯ ಕುಂದುಕೊರತೆಗಳನ್ನು ಅರಿಕೆ ಮಾಡಿಕೊಳ್ಳುತ್ತಿದ್ದರು. ಚುನಾವಣೆಯ ಪದ್ಧತಿ ಬಂದುದು 1891ರಲ್ಲಿ. ಅರಿಕೆ ಎಂಬುದು ಪ್ರಜೆಯ ಬಾಯಿಯನ್ನು ತೆರೆಯಿತು, ನಿಜ. ಆದರೆ ಅವನ ಕೈಗೆ ಏನನ್ನೂ ಕೊಡಲಿಲ್ಲ.

1950ರ ಜನವರಿ 26ರಂದು ಆದ ಬದಲಾವಣೆ ಮೂಲಭೂತವಾದುದು. ಭಾರತದ ಸಂವಿಧಾನವು ‘ನಾವು’ ಎಂಬ ಪದದಿಂದ ಆರಂಭವಾಗುತ್ತದೆ. ಅರಸನು ಪ್ರಜೆಗಳಿಗೆ ಸಂವಿಧಾನವನ್ನು ದಯಪಾಲಿಸಲಿಲ್ಲ. ಪ್ರಜೆಗಳೇ ಅದನ್ನು ತಮಗೆ ತಾವು ಅರ್ಪಿಸಿಕೊಂಡರು. 1951-52ರ ಮೊದಲ ಮಹಾಚುನಾವಣೆಯಲ್ಲಿ ಸುಮಾರು 17 ಕೋಟಿ 30 ಲಕ್ಷ ಮತದಾರರಿದ್ದರು. ಅವರಲ್ಲಿ ಬಹುಪಾಲು ಜನರಿಗೆ ಓದುಬರಹವೇ ತಿಳಿದಿರಲಿಲ್ಲ. ಅವರಿಗಾಗಿಯೇ ಪಕ್ಷಗಳಿಗೆ ಚಿಹ್ನೆಗಳನ್ನು ಕೊಡಲಾಯಿತು. ಪ್ರಜಾಪ್ರಭುತ್ವದ ತವರೆಂದು ಹೆಸರಾದ ಸ್ವಿಟ್ಜರ್‌ಲೆಂಡಿನಲ್ಲಿ ರಾಷ್ಟ್ರಮಟ್ಟದ ಚುನಾವಣೆಗಳಲ್ಲಿ ಮತ ಹಾಕುವ ಹಕ್ಕು ಮಹಿಳೆಯರಿಗೆ ದೊರೆತದ್ದು 1971ರಲ್ಲಿ; ನಮ್ಮ ಹಳ್ಳಿಯ ಅಕ್ಷರವರಿಯದ ಅಜ್ಜಿ ಅದಕ್ಕೆ ಎರಡು ದಶಕ ಮೊದಲೇ ಮತ ಚಲಾಯಿಸಿದ್ದಳು. ಮನುಷ್ಯನ ಘನತೆಯು ಅವನ ಆಸ್ತಿ, ವಿದ್ಯೆ, ಕುಲಗಳಿಂದ ಬರುವಂಥದ್ದಲ್ಲ ಎಂಬ ನಂಬಿಕೆ ಇದರ ಹಿಂದಿದೆ.

ಆದರೆ ಡಾ. ಬಿ. ಆರ್. ಅಂಬೇಡ್ಕರ್ ಅವರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದಲ್ಲಿ ಗಂಭೀರವಾದ ಎಚ್ಚರಿಕೆಯೊಂದನ್ನು ನೀಡಿದ್ದರು. ರಾಜಕೀಯದಲ್ಲಿ ಎಲ್ಲರೂ ಸಮಾನರಾಗಿ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನರಾಗಿಯೇ ಮುಂದುವರಿದರೆ ಈ ಸೌಧ ನಿಲ್ಲಲಾರದು ಎಂದರು. ಧರ್ಮದಲ್ಲಿ ಭಕ್ತಿಯು ಮುಕ್ತಿಗೆ ದಾರಿಯಾಗಬಹುದು, ರಾಜಕೀಯದಲ್ಲಿ ವ್ಯಕ್ತಿಪೂಜೆಯು ಸರ್ವಾಧಿಕಾರಕ್ಕೇ ದಾರಿ ಎಂದೂ ಎಚ್ಚರಿಸಿದರು. ನಾಯಕನ ಚಿತ್ರಕ್ಕೆ ಹಾಲೆರೆಯುವ ಕೈಗಳು ಅವನಿಂದ ಲೆಕ್ಕ ಕೇಳಲು ಮೇಲೇಳುವುದು ಕಷ್ಟ. ಪ್ರಜೆಯು ಪ್ರಭುವಾದ ಮೇಲೂ ಮನಸ್ಸಿನಲ್ಲಿ ಭಕ್ತನಾಗಿಯೇ ಉಳಿದರೆ ಪದ ಮಾತ್ರ ಬದಲಾದಂತಾಯಿತು.

ಮಾರಾಟವಾಗುವ ಮತ

ಈ ಪ್ರಭುತ್ವವನ್ನು ನಾವೇ ಮಾರಿಕೊಳ್ಳುವುದು ನಮ್ಮ ಕಾಲದ ದೊಡ್ಡ ನೈತಿಕ ಸಮಸ್ಯೆ. ಚುನಾವಣೆಯ ಹಿಂದಿನ ರಾತ್ರಿ ಮನೆಬಾಗಿಲಿಗೆ ಬರುವ ಲಕೋಟೆಯ ಬಗ್ಗೆ ಒಳ್ಳೆಯವರೆನಿಸಿದವರು ಕೂಡ ಮುಂದಿಡುವ ಸಮರ್ಥನೆಗಳನ್ನು ನಾವು ಕೇಳಿದ್ದೇವೆ. ‘ಅದು ಅವನ ಸ್ವಂತ ಹಣವಲ್ಲ, ನಮ್ಮಿಂದಲೇ ದೋಚಿದ್ದು, ಮರಳಿ ಪಡೆದರೆ ತಪ್ಪೇನು?’ ಎಂಬುದು ಒಂದು. ‘ಹಣ ಎಲ್ಲರಿಂದಲೂ ಪಡೆಯುತ್ತೇನೆ, ಮತ ಮಾತ್ರ ಮನಸ್ಸಾಕ್ಷಿಯಂತೆ ಹಾಕುತ್ತೇನೆ’ ಎಂಬುದು ಇನ್ನೊಂದು.

ಈ ವಾದಗಳನ್ನು ತಳ್ಳಿಹಾಕುವ ಮೊದಲು ಒಂದು ಮಾತು ಹೇಳಬೇಕು. ದಿನಗೂಲಿಯ ಕುಟುಂಬಕ್ಕೆ ಆ ಹಣ ವಾರದ ಒಲೆಯ ಪ್ರಶ್ನೆ. ಹಸಿದವನ ತಪ್ಪನ್ನೂ ಅವನ ಹಸಿವನ್ನೇ ಬಂಡವಾಳವಾಗಿಸಿಕೊಂಡವನ ತಪ್ಪನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ನೈತಿಕ ಹೊಣೆಯ ಭಾರವೆಲ್ಲ ಕೊಡುವವನ ಕಡೆಗೇ ವಾಲುತ್ತದೆ. ಆದರೂ ವಾದಗಳು ವಾದಗಳಾಗಿ ನಿಲ್ಲುವುದಿಲ್ಲ. ದೋಚಿದ ಹಣವಾದರೆ ಅದು ಇಡೀ ಊರಿಗೆ ಸೇರಿದ್ದು. ಅದರಲ್ಲಿ ಕದ್ದುಮುಚ್ಚಿ ಪಾಲು ಪಡೆಯುವವನು ನ್ಯಾಯ ಪಡೆದಂತಾಗಲಿಲ್ಲ, ಲೂಟಿಗೆ ಪಾಲುದಾರನಾದಂತಾಯಿತು. ಎರಡನೆಯ ವಾದವು ಮಾತು ಕೊಟ್ಟು ತಪ್ಪುವುದನ್ನೇ ಸದ್ಗುಣವೆಂದು ಕರೆಯುತ್ತದೆ. ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಲಕೋಟೆ ಪಡೆದವನು ಮುಂದಿನ ಐದು ವರ್ಷ ಪ್ರಶ್ನೆ ಕೇಳುವ ಹಕ್ಕನ್ನು ತನ್ನ ಕಣ್ಣಿನಲ್ಲಿಯೇ ಕಳೆದುಕೊಳ್ಳುತ್ತಾನೆ. ಶಾಲೆಗೆ ಶಿಕ್ಷಕರಿಲ್ಲವೆಂದು ದೂರಲು ಹೋದಾಗ ‘ಆಗಲೇ ಕೊಟ್ಟಿದ್ದೇನಲ್ಲ’ ಎಂಬ ಉತ್ತರ ಎದುರಿನವನ ಮುಖದಲ್ಲಿ ಮೂಡುತ್ತದೆ.

ಇನ್ನು ಮತವನ್ನು ಮಾರದೆಯೂ ಬೀಸಾಡುವವರಿದ್ದಾರೆ. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದಾದ್ಯಂತ ಶೇಕಡಾ 73ರಷ್ಟು ಮತದಾನವಾದರೆ, ವಿದ್ಯಾವಂತರ ನಗರವಾದ ಬೆಂಗಳೂರಿನಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಮಾತ್ರ ಮತ ಹಾಕಿದರು. ಹಣ ಪಡೆದು ಮತ ಹಾಕುವ ಬಡವನನ್ನು ಟೀಕಿಸಿ ಮನೆಯಲ್ಲೇ ಉಳಿಯುವವನ ಕೈ ಶುದ್ಧವಾಗಿರಬಹುದು; ಆದರೆ ಅದು ಬಳಸದ ಕೈಯ ಶುದ್ಧಿ.

ಹತ್ತಿರದ ಸರ್ಕಾರ

ಪೌರತ್ವವು ಐದು ವರ್ಷಕ್ಕೊಮ್ಮೆ ಬಂದುಹೋಗುವ ಹಬ್ಬವಲ್ಲ. 1931ರಲ್ಲಿ ಜಗದ್ಗುರು ಹನ್ನೊಂದನೆಯ ಭಕ್ತಿನಾಥರು, ಅಂದರೆ ಹನ್ನೊಂದನೆಯ ಪಿಯುಸ್, ತಮ್ಮ ವಿಶ್ವಪತ್ರದಲ್ಲಿ ಒಂದು ಸರಳ ಸೂತ್ರವನ್ನು ಬೋಧಿಸಿದರು. ಚಿಕ್ಕ ಸಮುದಾಯವು ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡ ಅಧಿಕಾರವು ಕಸಿದುಕೊಳ್ಳುವುದು ಅನ್ಯಾಯ. ದೊಡ್ಡದು ಇರುವುದು ಚಿಕ್ಕದಕ್ಕೆ ನೆರವಾಗಲು, ಅದನ್ನು ನುಂಗಲು ಅಲ್ಲ ಎಂಬುದೇ ಆ ಸೂತ್ರ. ಕುಟುಂಬ ಮಾಡಬಲ್ಲದ್ದನ್ನು ಪಂಚಾಯಿತಿ ಮಾಡಬೇಕಿಲ್ಲ. ಪಂಚಾಯಿತಿ ಮಾಡಬಲ್ಲದ್ದಕ್ಕೆ ಬೆಂಗಳೂರಿನ ಅಪ್ಪಣೆ ಬೇಕಿಲ್ಲ.

ಈ ತತ್ತ್ವವನ್ನು ಆಚರಣೆಗೆ ತರುವಲ್ಲಿ ಕರ್ನಾಟಕವು ದೇಶಕ್ಕೇ ಮೇಲ್ಪಂಕ್ತಿಯಾಗಿತ್ತು. ರಾಮಕೃಷ್ಣ ಹೆಗಡೆಯವರ ಮಂತ್ರಿಮಂಡಲದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರು 1983ರ ಕಾಯಿದೆಯ ಮೂಲಕ ಅಧಿಕಾರವನ್ನು ಜಿಲ್ಲೆಗೂ ಹಳ್ಳಿಗೂ ಇಳಿಸಿದರು. ಮಹಿಳೆಯರಿಗೆ ಕಾಲುಭಾಗ ಸ್ಥಾನಗಳನ್ನು ಮೀಸಲಿಟ್ಟರು. ಊರೂರಿಗೆ ಕೊಳವೆಬಾವಿ ತೋಡಿಸಿದ ಅವರನ್ನು ಜನರು ಪ್ರೀತಿಯಿಂದ ‘ನೀರ್ ಸಾಬ್’ ಎಂದು ಕರೆದರು. ಮುಂದೆ ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದು ದೇಶದಾದ್ಯಂತ ಪಂಚಾಯಿತಿಗಳಿಗೆ ಭದ್ರವಾದ ಅಡಿಪಾಯ ದೊರೆಯಿತು.

ಆದರೆ ಬಡಿಸಿದ ಊಟವನ್ನು ಉಣ್ಣುವವರೇ ಬರದಿದ್ದರೆ? ಗ್ರಾಮಸಭೆಯೆಂದರೆ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬನೂ ಸದಸ್ಯನಾಗಿರುವ ಸಭೆ. ನಮ್ಮ ರಾಜ್ಯದ ಕಾನೂನಿನಂತೆ ಅದು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಯಾರಿಗೆ ಮನೆ ಸಿಗಬೇಕು, ಯಾವ ಕಾಮಗಾರಿ ಮೊದಲು, ಕಳೆದ ವರ್ಷದ ಹಣ ಎಲ್ಲಿ ಹೋಯಿತು ಎಂದು ಅಲ್ಲಿ ಯಾವ ಶಿಫಾರಸಿನ ಹಂಗೂ ಇಲ್ಲದೆ ಕೇಳಬಹುದು. ಎಷ್ಟೋ ಕಡೆ ಈ ಸಭೆ ಖಾಲಿ ಕುರ್ಚಿಗಳ ಎದುರು ನಡೆದುಹೋಗುತ್ತದೆ. ಸಹಿಗಳನ್ನು ಆಮೇಲೆ ಮನೆಮನೆಗೆ ಹೋಗಿ ಪಡೆಯಲಾಗುತ್ತದೆ. ನಗರಗಳ ಸ್ಥಿತಿಯೂ ಮೇಲಲ್ಲ. ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಬಳಿಕ ವರ್ಷಗಟ್ಟಲೆ ಆ ಮಹಾನಗರವನ್ನು ಆಡಳಿತಾಧಿಕಾರಿಗಳೇ ನಡೆಸಿದರು. ಅದಕ್ಕಾಗಿ ಬೀದಿಗಿಳಿದವರು ಬೆರಳೆಣಿಕೆಯಷ್ಟು.

ಕೆರೆಯ ಹೋಲಿಕೆಯನ್ನೇ ಮುಂದುವರಿಸುವುದಾದರೆ, ನೀರು ಹಂಚುವುದು ನೀರುಗಂಟಿಯ ಕೆಲಸವಾದರೂ ಹೂಳು ತೆಗೆಯುವುದು, ಏರಿಯನ್ನು ಭದ್ರಪಡಿಸುವುದು ಊರಿನ ಕೆಲಸ. ಇರುಳಲ್ಲಿ ಕಾಲುವೆ ಕಡಿದು ತನ್ನ ಗದ್ದೆಗೆ ನೀರು ತಿರುಗಿಸಿಕೊಂಡವನು ಬೆಳಿಗ್ಗೆ ನೀರುಗಂಟಿಯನ್ನು ಬೈಯುವಂತಿಲ್ಲ. ತೆರಿಗೆ ತಪ್ಪಿಸುವವನೂ, ಸರದಿ ಮುರಿಯಲು ಲಂಚ ಕೊಡುವವನೂ ಮಾಡುವುದು ಇದನ್ನೇ. ಹಕ್ಕು ಮತ್ತು ಕರ್ತವ್ಯಗಳು ಒಂದೇ ನಾಣ್ಯದ ಎರಡು ಮುಖಗಳು. ನನಗೆ ಒಂದು ಹಕ್ಕಿದೆಯೆಂದರೆ ಅದನ್ನು ಗೌರವಿಸುವ ಕರ್ತವ್ಯ ಉಳಿದೆಲ್ಲರಿಗೂ ಇದೆ. ಅವರ ಹಕ್ಕಿಗೆ ನನ್ನ ಕರ್ತವ್ಯವಿದೆ.

ಅಧಿಕಾರದ ಎಲ್ಲೆ

ಸಮುವೇಲನ ಮೊದಲನೆಯ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ಇಸ್ರಯೇಲಿನ ಜನರು ತಮಗೊಬ್ಬ ಅರಸ ಬೇಕೆಂದು ಹಟ ಹಿಡಿಯುತ್ತಾರೆ. ವೃದ್ಧನಾದ ಸಮುವೇಲನು ಅರಸನು ಏನು ಕೊಡುವನೆಂದು ಹೇಳುವುದಿಲ್ಲ. ಏನೇನನ್ನು ತೆಗೆದುಕೊಳ್ಳುವನೆಂದು ಒಂದೊಂದಾಗಿ ಎಣಿಸುತ್ತಾನೆ. ಗಂಡುಮಕ್ಕಳನ್ನು, ಹೆಣ್ಣುಮಕ್ಕಳನ್ನು, ಹೊಲಗಳನ್ನು, ಬೆಳೆಯ ದಶಮಾಂಶವನ್ನು, ಕೊನೆಗೆ ಅವರನ್ನೇ. ಎಲ್ಲೆಯಿಲ್ಲದ ಅಧಿಕಾರದ ಸ್ವಭಾವವನ್ನು ಇದಕ್ಕಿಂತ ಚೆನ್ನಾಗಿ ಚಿತ್ರಿಸಲಾಗದು.

ನಮ್ಮ ಗಣರಾಜ್ಯದಲ್ಲಿ ಆ ಎಲ್ಲೆಯನ್ನು ಗುರುತಿಸಿದ ತೀರ್ಪುಗಳಲ್ಲಿ ಎರಡಕ್ಕೆ ಕನ್ನಡದ ನಂಟಿದೆ. ಮೊದಲನೆಯದು ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮೀಜಿಯವರು ಹೂಡಿದ ಮೊಕದ್ದಮೆ. ಮಠದ ಭೂಮಿಯ ಪ್ರಶ್ನೆಯಿಂದ ಆರಂಭವಾದ ಅದು ಹದಿಮೂರು ನ್ಯಾಯಾಧೀಶರ ಪೀಠದ ಮುಂದೆ ಬಂದು, 1973ರ ಏಪ್ರಿಲ್ 24ರಂದು ಐತಿಹಾಸಿಕ ತೀರ್ಪು ಹೊರಬಿದ್ದಿತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಅಳಿಸುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಸಾರಿತು.

ಎರಡನೆಯದರ ಹಿನ್ನೆಲೆಯಲ್ಲಿ ಕತ್ತಲೆಯ ಕಥೆಯೊಂದಿದೆ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ವಿಚಾರಣೆಯಿಲ್ಲದೆ ಬಂಧಿತನಾದವನು ತನ್ನ ಪ್ರಾಣ, ಸ್ವಾತಂತ್ರ್ಯಗಳಿಗಾಗಿ ನ್ಯಾಯಾಲಯದ ಮೊರೆಹೋಗಬಹುದೇ ಎಂಬ ಪ್ರಶ್ನೆ ಎದ್ದಿತು. ಐವರು ನ್ಯಾಯಾಧೀಶರಲ್ಲಿ ನಾಲ್ವರು ‘ಇಲ್ಲ’ ಎಂದರು. ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಬದುಕುವ ಹಕ್ಕು ಸಂವಿಧಾನ ಕೊಟ್ಟ ಕಾಣಿಕೆಯಲ್ಲ, ಅದಕ್ಕೂ ಮೊದಲಿನದು ಎಂಬುದು ಅವರ ನಿಲುವಾಗಿತ್ತು. ಅದಕ್ಕೆ ಅವರು ಬೆಲೆ ತೆತ್ತರು. 1977ರಲ್ಲಿ ಅವರಿಗೆ ಸಲ್ಲಬೇಕಿದ್ದ ಮುಖ್ಯ ನ್ಯಾಯಮೂರ್ತಿಯ ಸ್ಥಾನ ತಪ್ಪಿತು, ಅವರು ರಾಜೀನಾಮೆ ನೀಡಿದರು. ಅದೇ ದಿನಗಳಲ್ಲಿ, ‘ಸಂಸ್ಕಾರ’ ಚಲನಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಸೆರೆಮನೆಯಲ್ಲಿ ಆಸ್ತಮಾದಿಂದ ಜರ್ಜರಿತರಾಗಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಅಸುನೀಗಿದರು. ಸರ್ಕಾರವು ತನ್ನ ಉದ್ದೇಶವನ್ನು ಮರೆತಾಗ ಏನಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಖನ್ನಾ ಅವರ ಒಂಟಿ ದನಿಗೆ ಜಯ ಸಿಕ್ಕಿದ್ದು ನಾಲ್ಕು ದಶಕಗಳ ಬಳಿಕ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಾಧೀಶರು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತರು. ಜೊತೆಗೆ 1976ರ ಆ ತೀರ್ಪನ್ನು ರದ್ದುಗೊಳಿಸಿದರು. ಅಂದು ‘ಇಲ್ಲ’ ಎಂದಿದ್ದ ನಾಲ್ವರಲ್ಲಿ ಒಬ್ಬರಾದ ವೈ. ವಿ. ಚಂದ್ರಚೂಡರ ಮಗ ಡಿ. ವೈ. ಚಂದ್ರಚೂಡರೇ ಅದನ್ನು ತಳ್ಳಿಹಾಕುವ ಮಾತುಗಳನ್ನು ಬರೆದರು.

ತೆರಿಗೆಯ ನಾಣ್ಯವನ್ನು ಕೈಯಲ್ಲಿ ಹಿಡಿದು, ಇದರ ಮೇಲಿರುವ ಮುದ್ರೆ ಯಾರದೆಂದು ಪ್ರಭು ಯೇಸು ಕೇಳಿದ ಪ್ರಸಂಗ ನಮಗೆಲ್ಲ ಗೊತ್ತಿದೆ. ನಾಣ್ಯದ ಮೇಲೆ ಚಕ್ರವರ್ತಿಯ ಮುದ್ರೆಯಿದೆ. ಅದು ಅವನಿಗೆ ಸಲ್ಲಲಿ. ಮನುಷ್ಯನ ಮೇಲಿರುವುದು ದೇವರ ಮುದ್ರೆ. ಆದ್ದರಿಂದ ತೆರಿಗೆಯನ್ನು, ವಿಧೇಯತೆಯನ್ನು ಸರ್ಕಾರ ಕೇಳಬಹುದು, ಮನಸ್ಸಾಕ್ಷಿಯನ್ನು ಕೇಳುವಂತಿಲ್ಲ. 1535ರಲ್ಲಿ ಶಿರಚ್ಛೇದಕ್ಕೆ ತಲೆಯೊಡ್ಡಿದ ಸಂತ ಥಾಮಸ್ ಮೋರರು ಅರಸನ ನಿಷ್ಠಾವಂತ ಸೇವಕರಾಗಿದ್ದುಕೊಂಡೇ ಈ ಎಲ್ಲೆಯನ್ನು ಕಾಯ್ದರು. 2000ದಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಅವರನ್ನು ರಾಜಕಾರಣಿಗಳ ಪಾಲಕರೆಂದು ಘೋಷಿಸಿದ್ದು ಅರ್ಥಪೂರ್ಣ.

ನಮ್ಮ ಪಾಲು

ಕೊನೆಯದಾಗಿ, ಅಲ್ಪಸಂಖ್ಯಾತ ಸಮುದಾಯದವರಾದ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ನಾವು ಸರ್ಕಾರದ ಬಾಗಿಲಿಗೆ ಹೋಗುವುದು ಯಾವಾಗ? ನಮ್ಮ ಶಾಲೆಯ ಅನುದಾನ ನಿಂತಾಗ, ನಮ್ಮ ಸ್ಮಶಾನದ ಜಾಗಕ್ಕೆ ತಕರಾರು ಬಂದಾಗ, ನಮ್ಮ ದೇವಾಲಯಕ್ಕೆ ಕಲ್ಲು ಬಿದ್ದಾಗ. ಹೋಗಲೇಬೇಕು, ಅದು ನಮ್ಮ ಹಕ್ಕು. ಆದರೆ ಪಕ್ಕದ ಕೇರಿಗೆ ಕುಡಿಯುವ ನೀರಿಲ್ಲದಿದ್ದ ದಿನ, ನೆರೆಯ ಸಮುದಾಯದ ಯುವಕನು ಅನ್ಯಾಯವಾಗಿ ಬಂಧಿತನಾದ ದಿನ ನಾವು ಎಲ್ಲಿದ್ದೆವು ಎಂದು ಯಾರಾದರೂ ಕೇಳಿದರೆ ಉತ್ತರವಿರಬೇಕು.

ಈ ವಿಷಯದಲ್ಲಿ ನಮ್ಮ ಹಿರಿಯರು ತೋರಿದ ದಾರಿ ಸ್ಪಷ್ಟವಾಗಿದೆ. ಸಂವಿಧಾನ ಸಭೆಯ ಉಪಾಧ್ಯಕ್ಷರಾಗಿದ್ದ ಬಂಗಾಳದ ಹರೇಂದ್ರ ಕುಮಾರ್ ಮುಖರ್ಜಿಯವರು ಕ್ರೈಸ್ತರು. ಮಂಗಳೂರಿನಲ್ಲಿ ಜನಿಸಿದ ಯೇಸುಸಭೆಯ ಗುರು ಜೆರೋಮ್ ಡಿಸೋಜಾ ಅವರು ಮದ್ರಾಸ್ ಪ್ರಾಂತದಿಂದ ಆ ಸಭೆಯ ಸದಸ್ಯರಾಗಿದ್ದರು. ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಸ್ಥಾನಗಳನ್ನು ಕಾಯ್ದಿರಿಸುವ ಪ್ರಸ್ತಾಪವಿದ್ದಾಗ ಕ್ರೈಸ್ತ ಪ್ರತಿನಿಧಿಗಳು ಅದಕ್ಕಾಗಿ ಪಟ್ಟುಹಿಡಿಯಲಿಲ್ಲ. 1949ರ ಮೇ ತಿಂಗಳಿನಲ್ಲಿ ಸಭೆಯು ಆ ಪ್ರಸ್ತಾಪವನ್ನು ಕೈಬಿಟ್ಟಿತು. ಮೀಸಲು ಸ್ಥಾನಗಳನ್ನು ಬಿಟ್ಟುಕೊಟ್ಟು ಅವರು ನಂಬಿದ್ದು ಎಲ್ಲರಿಗೂ ಸಲ್ಲುವ ಮೂಲಭೂತ ಹಕ್ಕುಗಳನ್ನು, ನೆರೆಹೊರೆಯವರ ಸದ್ಭಾವನೆಯನ್ನು. ಆ ನಂಬಿಕೆಗೆ ಧಕ್ಕೆಯಾದ ಪ್ರಸಂಗಗಳು ಆಮೇಲೆ ನಡೆದಿಲ್ಲವೆಂದಲ್ಲ. ಹಾಗಿದ್ದರೂ ಆ ತೀರ್ಮಾನ ತಪ್ಪಾಗಿರಲಿಲ್ಲ. ಏಕೆಂದರೆ ಒಂದು ಸಮುದಾಯಕ್ಕೆ ಮಾತ್ರ ಸಿಗುವ ರಕ್ಷಣೆ ಒಬ್ಬ ಒಳ್ಳೆಯ ಅರಸನ ದಯೆಯಂತೆ; ಅರಸ ಬದಲಾದರೆ ಅದೂ ಹೋಗುತ್ತದೆ. ಎಲ್ಲರಿಗೂ ಸಲ್ಲುವ ನ್ಯಾಯದಲ್ಲಿ ಮಾತ್ರ ಚಿಕ್ಕವರಿಗೆ ಸ್ಥಿರವಾದ ನೆಲೆಯಿದೆ.

ಹೀಗಿರುವಾಗ ನಾವು ಮಾಡಬೇಕಾದುದು ಅಸಾಧ್ಯವಾದುದೇನಲ್ಲ. ಗ್ರಾಮಸಭೆಯ ಅಥವಾ ವಾರ್ಡ್ ಸಭೆಯ ದಿನಾಂಕವನ್ನು ತಿಳಿದುಕೊಂಡು ಹೋಗಿ ಕುಳಿತುಕೊಳ್ಳೋಣ. ಹೋಗುವಾಗ ಒಬ್ಬಳೇ ಹೋಗಲು ಹಿಂಜರಿಯುವ ನೆರೆಮನೆಯಾಕೆಯನ್ನೂ ಕರೆದುಕೊಂಡು ಹೋಗೋಣ. 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಒಂದು ಪ್ರಶ್ನೆ ಕೇಳಲು ಹತ್ತು ರೂಪಾಯಿ ಸಾಕು. ಲಕೋಟೆ ಬಂದರೆ ಬೇಡವೆನ್ನೋಣ. ನಮ್ಮ ಧರ್ಮಕೇಂದ್ರಗಳ ಯುವಕರು ಸರ್ಕಾರಿ ಸೇವೆಗೆ ಸೇರುವುದನ್ನೂ ಪಂಚಾಯಿತಿಗೆ ಸ್ಪರ್ಧಿಸುವುದನ್ನೂ ಕೊಳಕು ರಾಜಕೀಯವೆಂದು ಮೂಗು ಮುರಿಯದೆ, ದೈವಕರೆಯೆಂದೇ ಪರಿಗಣಿಸಿ ಪ್ರೋತ್ಸಾಹಿಸೋಣ.

ಸರ್ಕಾರದ ಕೆಲಸ ದೇವರ ಕೆಲಸವಾದರೆ ಅದು ವಿಧಾನಸೌಧದ ಒಳಗಿರುವವರ ಕೆಲಸ ಮಾತ್ರವಲ್ಲ. ನೀರು ಹಂಚುವವನು ಪ್ರಾಮಾಣಿಕನೇ ಎಂದು ನಾವು ಕೇಳುವುದು ನ್ಯಾಯವೇ. ಕೊನೆಯ ಗದ್ದೆಗೆ ನೀರು ಮುಟ್ಟಿತೇ ಎಂದು ನೋಡಿಬರಲು ಕಾಲುವೆಯ ಗುಂಟ ನಡೆದುಹೋಗುವ ಹೊಣೆ ಮಾತ್ರ ನಮ್ಮದು.